ಆಣೆ ಮಾಡಿಸುವ ಮುನ್ನ

ದೇವರ ಮುಂದೆ ಆಣೆ ಮಾಡಿ ಕುಡಿತ ಬಿಟ್ಟ ಮಗ ಮೂರನೇ ದಿನ ಏನೇನೋ ಬಡಬಡಿಸುತ್ತಾನೆ. ಇಲ್ಲದ ಇರುವೆಗಳನ್ನು ಮೈಮೇಲಿಂದ ಕೊಡವುತ್ತಾನೆ. ಕೈ ನಡುಗುತ್ತದೆ, ನಿದ್ದೆಯಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಎಷ್ಟೋ ಮನೆಗಳಲ್ಲಿ ಇದಕ್ಕೆ ತಟ್ಟನೆ ಸಿಗುವ ಉತ್ತರ 'ಗಾಳಿ ಸೋಕಿದೆ', ಇಲ್ಲವೇ 'ದೇವರು ಮುನಿದಿದ್ದಾನೆ'. ತಾಯಿತ ಕಟ್ಟಿಸುವಷ್ಟರಲ್ಲಿ ಅಮೂಲ್ಯ ಸಮಯ ಕಳೆದುಹೋಗುತ್ತದೆ.

ನಿಜವಾಗಿ ಆಗುವುದು ಇಷ್ಟು. ಮದ್ಯ ಮಿದುಳನ್ನು ಮಂಕಾಗಿಸುತ್ತದೆ. ನಿತ್ಯ ಕುಡಿಯುವವನ ಮಿದುಳು ಅದನ್ನು ಎದುರಿಸಲು ತನ್ನ ಚುರುಕನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ಚುರುಕಿಗೆ ಕಡಿವಾಣವಿರುವುದಿಲ್ಲ. ಆರೆಂಟು ತಾಸಿನಲ್ಲಿ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಭ್ರಮೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಕುತ್ತು. 'ಸಿ.ಎಚ್. ಪುಡಿ' ಎಂಬ ಕ್ಲೋರಲ್ ಹೈಡ್ರೇಟ್ ಬೆರೆಸಿದ ಸೇಂದಿ ರಾಯಚೂರು ಜಿಲ್ಲೆಗೆ ಹೊಸದೇನಲ್ಲ. ಅದನ್ನು ಹಠಾತ್ತನೆ ಬಿಟ್ಟವರಲ್ಲೂ ಇದೇ ಪಾಡು.

ಹಾಗೆಂದು ಆಣೆಯೇ ತಪ್ಪೆನ್ನಲಾರೆ. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ 1975ರಲ್ಲಿ 'ಮಹಾಂತ ಜೋಳಿಗೆ' ಆರಂಭಿಸಿ, ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. 2018ರಲ್ಲಿ ಲಿಂಗೈಕ್ಯರಾದ ಅವರ ಜನ್ಮದಿನ ಆಗಸ್ಟ್ 1ನ್ನು ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ. ನಾಲ್ಕು ಜನರ ಎದುರು ಕೊಟ್ಟ ಮಾತಿಗೆ ಬಲವಿದೆ. ಹಳೆಯ ಗೆಳೆಯರು ಕರೆದಾಗ 'ಜೋಳಿಗೆಗೆ ಹಾಕಿದ್ದೇನೆ' ಎಂದರೆ ಯಾರೂ ಒತ್ತಾಯಿಸರು. ಆದರೆ ಮಾಲೆ ಹಾಕಿ 41 ದಿನ ಶುದ್ಧವಾಗಿದ್ದವನು ಮಾಲೆ ತೆಗೆದ ಸಂಜೆಯೇ ಅಂಗಡಿಯತ್ತ ನಡೆದದ್ದನ್ನೂ ಕಂಡಿದ್ದೇನೆ. ನಲವತ್ತೆರಡನೇ ದಿನದ ಯೋಚನೆಯನ್ನು ಮನೆಯವರು ಮೊದಲೇ ಮಾಡಿಟ್ಟಿರಬೇಕು.

ಚಟ ಶುರುವಾಗುವುದೂ ಎಷ್ಟೋ ಸಲ ಮನೆಯಲ್ಲೇ. ಬೀಡಿ, ಗುಟ್ಕಾ ತರಲು ಹುಡುಗನನ್ನೇ ಅಂಗಡಿಗೆ ಕಳಿಸುವ ಅಪ್ಪ, ಜಾತ್ರೆಯಲ್ಲಿ 'ಒಂದು ಗುಟುಕು' ಎನ್ನುವ ಮಾವ, ಗಂಡನಿಗೆ ಗೊತ್ತಾಗದಂತೆ ಮಗನ ಸಾಲ ತೀರಿಸುವ ತಾಯಿ. ಕೊನೆಗೆ 'ಮದುವೆ ಮಾಡಿದರೆ ಸರಿಹೋಗುತ್ತಾನೆ' ಎಂದು ಆ ಹೊರೆಯನ್ನು ಇನ್ನೊಬ್ಬರ ಮಗಳ ತಲೆಗೆ ಕಟ್ಟುವುದು. ಇದು ನನಗೆ ತೀರಾ ಅನ್ಯಾಯವೆನಿಸುತ್ತದೆ.

ಇನ್ನೊಂದು ಅಪಾಯವಿದೆ. ಕುಡಿತ ಬಿಡಿಸುವ ಗುಳಿಗೆಯನ್ನು ಪುಡಿಮಾಡಿ ಅವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ರೂಢಿ. ಡೈಸಲ್ಫಿರಾಮ್ ಎಂಬ ಈ ಔಷಧಿ ಹೊಟ್ಟೆಯಲ್ಲಿರುವಾಗ ಮದ್ಯ ಸೇರಿದರೆ ವಾಂತಿ, ಎದೆಬಡಿತ ಶುರುವಾಗಿ ರಕ್ತದೊತ್ತಡ ಕುಸಿಯಬಹುದು, ಸಾವೂ ಸಂಭವಿಸಬಹುದು. ಅವನ ಒಪ್ಪಿಗೆಯಿಂದ, ವೈದ್ಯರ ನಿಗಾದಲ್ಲಿ ಮಾತ್ರ ಇದನ್ನು ಕೊಡಬೇಕು.

ದಿನಾ ಬೆಳಿಗ್ಗೆಯೇ ಕುಡಿಯಬೇಕೆನಿಸುವವನನ್ನು, ಹಿಂದೊಮ್ಮೆ ಬಿಟ್ಟಾಗ ಫಿಟ್ಸ್ ಬಂದವನನ್ನು ಆಣೆಗೆ ಮುನ್ನ ತಾಲ್ಲೂಕು ಆಸ್ಪತ್ರೆಗೆ ಕರೆತನ್ನಿ. ನಡುಕ ತಗ್ಗಿಸುವ ಗುಳಿಗೆ, ಬಿ-1 ಜೀವಸತ್ವದ ಇಂಜೆಕ್ಷನ್ ಪಡೆದು ಒಂದು ವಾರ ದಾಟಿಸಿದರೆ ದೊಡ್ಡ ಗಂಡಾಂತರ ಕಳೆದಂತೆ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಆಸ್ಪತ್ರೆಗೆ ಬಂದಾಗ ಏನು, ಎಷ್ಟು, ಕೊನೆಯ ಸಲ ಯಾವಾಗ ಕುಡಿದ ಎಂಬುದನ್ನು ಮರೆಮಾಚಬೇಡಿ. ಸೇಂದಿಯಾದರೆ ಸೇಂದಿ ಎಂದೇ ಹೇಳಿ. ಔಷಧಿಯ ಪ್ರಮಾಣ ನಿರ್ಧಾರವಾಗುವುದು ಅದರ ಮೇಲೆ.