ಗಾಳ ಹಾಕುವ ಮುನ್ನ ಜಾಕೆಟ್ ಕಟ್ಟಿಕೊಳ್ಳಿ

ಪಣಜಿ: ಬೆಳಗಾವಿ, ಖಾನಾಪುರ ಕಡೆಯ ಮಂದಿಗೆ ಗೋವಾ ಎಂದರೆ ಬೀಚು, ಮೀನೂಟ, ದೇವರ ದರ್ಶನ. ಚೋರ್ಲಾ ಘಾಟ್ ಇಳಿದು ಬರುವ ಗೆಳೆಯರ ಗುಂಪುಗಳಿಗೆ ಇನ್ನೊಂದು ಆಕರ್ಷಣೆಯೂ ಇದೆ. ದೋಣಿ ಬಾಡಿಗೆ ಹಿಡಿದು, ಗೈಡ್ ಜೊತೆ ಗ್ರಾಂಡೆ ದ್ವೀಪದ ಕಡೆ ಹೋಗಿ ಗಾಳ ಹಾಕುವುದು! ಆದರೆ ಕೆರೆ ದಂಡೆಯಲ್ಲಿ ಕೂತು ಮೀನು ಹಿಡಿದ ಅನುಭವ ಕಡಲಲ್ಲಿ ಸಾಲದು.

ಯಾವಾಗ ಹೋಗಬೇಕು?

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಗೋವಾ, ಕರ್ನಾಟಕ ಎರಡೂ ಕಡೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಳೆ ಹಿಂದೆ ಸರಿದು ಕಡಲು ತಣ್ಣಗಾಗುವ ಅಕ್ಟೋಬರ್ ನಂತರ ಹೋಗುವುದು ಒಳ್ಳೆಯದು. ಮಧ್ಯಾಹ್ನ ಗಾಳಿ ಎದ್ದು ಅಲೆ ಏಳುವುದರಿಂದ ಬೆಳಗಿನ ಜಾವವೇ ಹೊರಡಬೇಕು.

ಏನು ಸಿಗುತ್ತದೆ?

ಎಲ್ಲರ ಕಣ್ಣೂ ಇಸವಾಣದ ಮೇಲೆ. ಇದೇ ಮರಾಠಿಯ ಸುರಮಯಿ, ಮಂಗಳೂರಿನ ಅಂಜಲ್. ಓಡುವ ದೋಣಿಯ ಹಿಂದೆ ಪ್ಲಾಸ್ಟಿಕ್ ಮೀನು ಎಳೆದುಕೊಂಡು ಹೋಗಿ ಇದನ್ನು ಹಿಡಿಯುತ್ತಾರೆ. ಹಲ್ಲು ಬಲು ಚೂಪು, ಬರೀ ದಾರವನ್ನು ಕತ್ತರಿಸಿ ಹಾಕುತ್ತದೆ. ಹಿಂಗಾಗಿ ಗಾಳದ ಹತ್ತಿರ ಸಣ್ಣ ತಂತಿ ಬೇಕೇ ಬೇಕು. ಬಂಡೆಗಳ ಬಳಿ ಸಿಗಡಿ ಚುಚ್ಚಿ ತಳಕ್ಕೆ ಬಿಟ್ಟರೆ ಗೋಬ್ರೊ ಕಚ್ಚಬಹುದು. ಆದರೆ ದೈತ್ಯ ಗೋಬ್ರೊ, ತಿಮಿಂಗಿಲ ಶಾರ್ಕ್ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಸಿಕ್ಕರೂ ಬಿಟ್ಟುಬಿಡಬೇಕು.

ಹೊಟ್ಟೆ ಸಂಭಾಳಿಸಿ

ಅನೇಕರ ಮೋಜು ಕೆಡುವುದು ವಾಂತಿಯಿಂದ. ಹಿಂದಿನ ರಾತ್ರಿ ಕುಡಿದು ಬಂದವರ ಪಾಡಂತೂ ಕೇಳುವುದೇ ಬೇಡ. ಬೆಳಿಗ್ಗೆ ಇಡ್ಲಿಯಂಥ ಹಗುರ ತಿಂಡಿ ಸಾಕು. ವಾಂತಿ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಹೊರಡುವ ಮುಂಚೆಯೇ ನುಂಗಬೇಕು, ಶುರುವಾದ ಮೇಲೆ ಪ್ರಯೋಜನ ಕಡಿಮೆ. ತಲೆ ಸುತ್ತಿದರೆ ಮೊಬೈಲ್ ನೋಡದೆ ದೂರದ ದಿಗಂತ ನೋಡಬೇಕು. ತುಂಬು ತೋಳಿನ ಅಂಗಿ, ಟೋಪಿ, ಕೂಲಿಂಗ್ ಗ್ಲಾಸ್, ಜಾರದ ಚಪ್ಪಲಿ, ಸಾಕಷ್ಟು ನೀರು ಜೊತೆಗಿರಲಿ.

ದುಡ್ಡು ಕೊಡುವ ಮುನ್ನ

2024ರ ಡಿಸೆಂಬರ್ 25ರಂದು ಕಲಂಗುಟ್ ಬೀಚಿನ ಹತ್ತಿರ ಪ್ರವಾಸಿಗರ ದೋಣಿ ಮಗುಚಿ ಒಬ್ಬರು ಜೀವ ಕಳೆದುಕೊಂಡರು, 20 ಮಂದಿಯನ್ನು ಪಾರು ಮಾಡಲಾಯಿತು. ದಡ ಕಾಣುವಷ್ಟು ಹತ್ತಿರದಲ್ಲೇ ನಡೆದ ದುರಂತವಿದು. ಆದ್ದರಿಂದ ರೇಟು ಮಾತಾಡುವ ಮೊದಲು ಕೆಲವು ಪ್ರಶ್ನೆ ಕೇಳಲೇಬೇಕು. ದೋಣಿಗೆ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯ ಪರವಾನಗಿ ಇದೆಯೇ? ಎಷ್ಟು ಜನರಿಗೆ ಅನುಮತಿ? ತಲೆಗೊಂದು ಲೈಫ್ ಜಾಕೆಟ್ ಇದೆಯೇ? ಡೀಸೆಲ್, ಗಾಳ, ಎರೆ ಇದರಲ್ಲೇ ಬಂತೇ? ಹಿಡಿದ ಮೀನು ಯಾರಿಗೆ?

ಜಾಕೆಟ್ಟನ್ನು ಸೀಟಿನ ಕೆಳಗೆ ಇಟ್ಟರೆ ಉಪಯೋಗವಿಲ್ಲ, ಮೈಗೆ ಕಟ್ಟಿಕೊಂಡಿರಬೇಕು. ವಾಪಸು ಬರುವ ಹೊತ್ತನ್ನು ದಡದಲ್ಲಿರುವವರಿಗೆ ತಿಳಿಸಿರಬೇಕು. ಕಡಲಲ್ಲಿ ಆಪತ್ತು ಬಂದರೆ ಕೋಸ್ಟ್ ಗಾರ್ಡ್ ನಂಬರ್ 1554.

ಕೊನೆಯದಾಗಿ, ತಾಂಡೇಲ 'ಇವತ್ತು ಗಾಳಿ ಸರಿ ಇಲ್ಲ' ಎಂದರೆ 'ರೊಕ್ಕಾ ಕೊಟ್ಟೀವಿ, ನಡೀರಿ' ಎಂದು ಹಟ ಹಿಡಿಯಬಾರದು. ಮೀನು ನಾಳೆಯೂ ಅಲ್ಲೇ ಇರುತ್ತದೆ.