ಚುಚ್ಚುಮದ್ದಿನ ನಂತರ ಬಿಡದೆ ಕಾಡುವ ತೋಳುನೋವು



ಕಳೆದ ಕಾರ್ತಿಕದಲ್ಲಿ ಬೇಲಿ ಸರಿಪಡಿಸುವಾಗ ತುಕ್ಕು ಹಿಡಿದ ಮುಳ್ಳುತಂತಿ ತಗಲಿ ನನ್ನ ಅಂಗೈ ಹರಿಯಿತು. ಅಂದೇ ಧನುರ್ವಾಯು ತಡೆಯುವ ಚುಚ್ಚುಮದ್ದು ಹಾಕಿಸಿಕೊಂಡೆ. ಗಾಯ ಹತ್ತು ದಿನಗಳಲ್ಲಿ ಮಾಯಿತು. ಚುಚ್ಚಿಸಿಕೊಂಡ ಎಡಭುಜದ ನೋವು ಮಾತ್ರ ಅಡಿಕೆ ಕೊಯ್ಲು ಮುಗಿದು ಕಾಫಿ ಕುಯ್ಲು ಮುಗಿದರೂ ಬಿಡಲಿಲ್ಲ. ಅಂಗಿ ತೊಡುವುದಕ್ಕೂ ಮನೆಯವರ ನೆರವು ಬೇಕಾಯಿತು. ಸಂಘದ ಕಚೇರಿಗೆ ಬಂದ ಇಬ್ಬರು ಸದಸ್ಯರೂ ಇಂಥದೇ ತೊಂದರೆ ಹೇಳಿಕೊಂಡಿದ್ದರಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಚುಚ್ಚಿದ ಜಾಗ ಎರಡು ಮೂರು ದಿನ ನೋಯುವುದು ಸಹಜ. ಅದಕ್ಕೆ ಹೆದರಬೇಕಾಗಿಲ್ಲ. ಆದರೆ 48 ಗಂಟೆಗಳೊಳಗೆ ಶುರುವಾದ ನೋವು ವಾರ ಕಳೆದರೂ ಇಳಿಯದೆ, ತೋಳನ್ನು ಪಕ್ಕಕ್ಕೆ ಎತ್ತಲು ಆಗದೆ, ರಾತ್ರಿ ಆ ಮಗ್ಗುಲಿಗೆ ಮಲಗಲೂ ಆಗದಿದ್ದರೆ ಅದು ಬೇರೆಯೇ ಸಂಗತಿ. ಅಮೆರಿಕದಲ್ಲಿ ಲಸಿಕೆಯ ತೊಂದರೆಗಳಿಗೆ ಸರ್ಕಾರ ಪರಿಹಾರ ಕೊಡುವ ಪಟ್ಟಿಗೆ 2017ರಲ್ಲಿ ಇದನ್ನೂ ಸೇರಿಸಿದರು.

ಇದಕ್ಕೆ ಕಾರಣ ಸಾಮಾನ್ಯವಾಗಿ ಮದ್ದಲ್ಲ, ಸೂಜಿ ಹೋದ ಜಾಗ. ಭುಜದ ತುದಿಯಲ್ಲಿ ಕೈಗೆ ಸಿಗುವ ಮೂಳೆಯ ಅಂಚಿದೆಯಷ್ಟೆ. ಅದರಡಿಯಲ್ಲಿ ತೆಳುವಾದ ಒಂದು ದ್ರವದ ಚೀಲವಿದೆ. ಪಂಪ್‌ಸೆಟ್ಟಿನ ಬೇರಿಂಗಿಗೆ ಗ್ರೀಸ್ ಹೇಗೋ ಭುಜದ ಚಲನೆಗೆ ಈ ಚೀಲ ಹಾಗೆ. ಚುಚ್ಚುಮದ್ದು ಹೋಗಬೇಕಾದದ್ದು ಮೂಳೆಯಿಂದ ಎರಡು ಮೂರು ಬೆರಳು ಕೆಳಗಿರುವ ದಪ್ಪ ಮಾಂಸಖಂಡಕ್ಕೆ. ಸೂಜಿ ಮೇಲಕ್ಕೆ ಬಿದ್ದರೆ ಮದ್ದು ಚೀಲಕ್ಕೋ ಅದರಡಿಯ ನಾರುಗಳಿಗೋ ಸೇರಿ ಊತ ಕಟ್ಟಿಕೊಳ್ಳುತ್ತದೆ.

ನನ್ನ ವಿಷಯದಲ್ಲಿ ತಪ್ಪು ಸ್ವಲ್ಪ ನನ್ನದೂ ಇದೆ. ಅವಸರದಲ್ಲಿ ಅಂಗಿ ಬಿಚ್ಚದೆ, ಕಾಲರನ್ನು ಕೆಳಕ್ಕೆ ಎಳೆದುಕೊಂಡು ನಿಂತೇ ಭುಜ ಒಡ್ಡಿದ್ದೆ. ಹಾಗೆ ಮಾಡಿದರೆ ಭುಜದ ಮೇಲ್ಭಾಗವಷ್ಟೇ ಹೊರಗೆ ಕಾಣುತ್ತದೆ. ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ನೋವೆಂದು ಏಳು ವಾರ ತೋಳನ್ನು ಎದೆಗೆ ಅವುಚಿಕೊಂಡೇ ಓಡಾಡಿದೆ, ಎಣ್ಣೆ ಹಚ್ಚಿ ಕಾಯಿಸುತ್ತಾ ಕುಳಿತೆ. ಅಷ್ಟರಲ್ಲಿ ಕೀಲು ಬಿಗಿದುಕೊಂಡಿತು. ಸಕ್ಕರೆ ಕಾಯಿಲೆ ಇರುವವರಲ್ಲಿ ಹೀಗೆ ಭುಜ ಬಿಗಿಯುವ ಸಂಭವ ಇನ್ನೂ ಹೆಚ್ಚು.

ಕೊನೆಗೆ ಮೂಳೆ ವೈದ್ಯರಲ್ಲಿ ಹೋದೆ. ಸ್ಕ್ಯಾನ್ ಮಾಡಿ ಚೀಲ ಊದಿರುವುದನ್ನು ತೋರಿಸಿದರು. ಕೆಲವು ದಿನ ಊತ ಇಳಿಸುವ ಮಾತ್ರೆ, ಆಮೇಲೆ ಭುಜಕ್ಕೆ ಒಂದು ಸ್ಟೆರಾಯ್ಡ್ ಚುಚ್ಚುಮದ್ದು, ಜೊತೆಗೆ ವ್ಯಾಯಾಮ. ಸ್ಟೆರಾಯ್ಡಿನಿಂದ ಕೆಲವು ದಿನ ರಕ್ತದ ಸಕ್ಕರೆ ಏರುವುದುಂಟು, ಆದ್ದರಿಂದ ಸಕ್ಕರೆ ಕಾಯಿಲೆಯವರು ಮೊದಲೇ ತಿಳಿಸಬೇಕು. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ತಂದುಕೊಂಡಂತಾಗುತ್ತದೆ.

ನನಗೆ ಹೇಳಿಕೊಟ್ಟ ವ್ಯಾಯಾಮಗಳು ಸರಳ:

1. ಒಳ್ಳೆಯ ಕೈಯನ್ನು ಮೇಜಿಗೆ ಊರಿ ಮುಂದಕ್ಕೆ ಬಾಗಿ, ನೋವಿನ ತೋಳನ್ನು ಜೋತುಬಿಟ್ಟು ಗಡಿಯಾರದ ಲೋಲಕದಂತೆ ಮೆಲ್ಲಗೆ ತೂಗುವುದು.
2. ಗೋಡೆಯ ಎದುರು ನಿಂತು ಬೆರಳುಗಳಿಂದ ಮೇಲಕ್ಕೆ ಹತ್ತುತ್ತಾ ಹೋಗುವುದು.
3. ಎರಡೂ ಕೈಗಳಲ್ಲಿ ಕೋಲು ಹಿಡಿದು, ಒಳ್ಳೆಯ ಕೈಯಿಂದ ನೋವಿನ ಕೈಯನ್ನು ಪಕ್ಕಕ್ಕೆ ತಳ್ಳುವುದು.

ಹತ್ತು ನಿಮಿಷ ಬಿಸಿ ಶಾಖ ಕೊಟ್ಟು, ದಿನಕ್ಕೆ ಎರಡು ಮೂರು ಸಲ ಮಾಡಿದರೆ ಸಾಕು. ಸ್ವಲ್ಪ ಸೆಳೆತ ಇರಬಹುದು, ಕಣ್ಣಲ್ಲಿ ನೀರು ಬರುವಂತೆ ಎಳೆಯಬಾರದು. ಬೆರಳು ಮುಟ್ಟಿದ ಎತ್ತರಕ್ಕೆ ನಾನು ಗೋಡೆಯಲ್ಲಿ ಪೆನ್ಸಿಲಿನ ಗೆರೆ ಎಳೆದು, ಮಳೆ ಲೆಕ್ಕದ ಪುಸ್ತಕದಲ್ಲೇ ಬರೆದಿಡುತ್ತಿದ್ದೆ. ಒಂದು ವಾರ ಒಂದಂಗುಲ, ಇನ್ನೊಂದು ವಾರ ಸೊನ್ನೆ. ಹೀಗೆ ನಾಲ್ಕು ತಿಂಗಳಲ್ಲಿ ತೋಳು ಪೂರ್ತಿ ಮೇಲೆ ಹೋಯಿತು. ಅಲ್ಲಿಯವರೆಗೆ ದೋಟಿ ಹಿಡಿಯುವುದು, ಮೂಟೆ ಎತ್ತುವುದು, ಬೆನ್ನಿಗೆ ಸ್ಪ್ರೇ ಕ್ಯಾನ್ ಹೊರುವುದು ಇವನ್ನೆಲ್ಲ ಬಿಟ್ಟಿದ್ದೆ.

ಆದರೆ ಕೆಲವು ಲಕ್ಷಣಗಳಿಗೆ ಕಾಯುವಂತಿಲ್ಲ. ಚುಚ್ಚಿದ ಜಾಗ ಕೆಂಪೇರಿ ಊದುತ್ತಾ ಜ್ವರ ಬಂದರೆ ಅಥವಾ ಕೀವು ಕಂಡರೆ, ಕೈ ಜೋಮು ಹಿಡಿದು ಮಣಿಕಟ್ಟು ಮೇಲೇಳದಿದ್ದರೆ ಅಂದೇ ವೈದ್ಯರನ್ನು ಕಾಣಿ. ತೋಳುನೋವಿನ ಜೊತೆ ಎದೆ ಬಿಗಿದು ಬೆವರಿದರೆ ಚುಚ್ಚುಮದ್ದನ್ನು ದೂರುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ. ಅದು ಹೃದಯದ ತೊಂದರೆ ಇರಬಹುದು.

ಇನ್ನೊಂದು ಮಾತು ಹೇಳಲೇಬೇಕು. ಮಾಘ ಮಾಸದಲ್ಲಿ ನಮ್ಮ ತೋಟದಲ್ಲಿ ಮರಗಸಿ ಮಾಡುವಾಗ ಒಬ್ಬನ ಕಾಲಿಗೆ ಕತ್ತಿ ತಗಲಿತು. ಆಸ್ಪತ್ರೆಗೆ ಹೊರಡು ಎಂದರೆ, "ನಿಮ್ಮ ಕೈ ನೋಡಿದ ಮೇಲೆ ನಂಗೆ ಸೂಜಿ ಬೇಡ ಅಯ್ಯಾ" ಎಂದ. ನಾನು ಎಲ್ಲರೆದುರು ನರಳಿಕೊಂಡು ತಿರುಗಿದ್ದರ ಫಲ ಇದು! ಧನುರ್ವಾಯುವಿನ ರೋಗಾಣು ನಮ್ಮ ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ ಇರುವಂಥದು. ಭುಜದ ನೋವು ವಾಸಿಯಾಗುತ್ತದೆ, ಧನುರ್ವಾಯು ಪ್ರಾಣವನ್ನೇ ತೆಗೆಯಬಲ್ಲದು. ಇಷ್ಟನ್ನು ಹೇಳಿ ಜೀಪಿನಲ್ಲಿ ನಾನೇ ಕರೆದುಕೊಂಡು ಹೋದೆ. ಅಂಗಿ ಬಿಚ್ಚಿಸಿ ಕುರ್ಚಿಯಲ್ಲಿ ಕೂರಿಸಿ ಹಾಕಿಸಿದೆ. ಮೂರನೆಯ ದಿನ ಕೆಲಸಕ್ಕೆ ಬಂದವನು ತೋಳೆತ್ತಿ ತೋರಿಸಿ ನಕ್ಕ.

ಆದುದರಿಂದ ಬಾಂಧವರೇ, ಹತ್ತು ವರ್ಷಕ್ಕೊಮ್ಮೆ ಈ ಚುಚ್ಚುಮದ್ದು ತಪ್ಪಿಸಬೇಡಿ. ಮಣ್ಣು ಸೇರಿದ ಆಳವಾದ ಗಾಯವಾದಾಗ, ಹಿಂದಿನದು ಹಾಕಿಸಿ ಐದು ವರ್ಷ ದಾಟಿದ್ದರೆ ಮತ್ತೆ ಬೇಕು. ಒಂದು ಭುಜ ನೋಯುತ್ತಿದ್ದರೆ ಇನ್ನೊಂದಕ್ಕೆ ಹಾಕಿಸಿಕೊಳ್ಳಬಹುದು. ಅಂಗಿ ಬಿಚ್ಚಿ, ಕುಳಿತು, ತೋಳು ಸಡಿಲ ಬಿಡಿ. ನೋವು ವಾರ ಮೀರಿದರೆ ನನ್ನಂತೆ ಏಳು ವಾರ ಕಾಯಬೇಡಿ.

– ಕಾರ್ಯದರ್ಶಿ