ಬೀಜ ಹಾಕಿ ಕಳ್ಳಿ ಬೆಳೆಸಿ, ಹೂ ನೋಡಬೇಕಾ? ಮೂರು ವರ್ಷದ ತಾಳ್ಮೆ ಜೊತೆಗಿರಲಿ

ಚಿತ್ರದುರ್ಗ: ನರ್ಸರಿಗಳಲ್ಲಿ ಅಂಗೈಯಷ್ಟು ಕುಂಡದಲ್ಲಿ ಕೆಂಪು, ಹಳದಿ ತಲೆಯ ಪುಟ್ಟ ಕಳ್ಳಿ ಗಿಡಗಳು ಸಾಲಾಗಿ ಕೂತಿರುತ್ತವೆ. ಆಸೆಯಿಂದ ತಂದು ಕಿಟಕಿಯಲ್ಲಿಟ್ಟರೆ ಹಲವರ ಮನೆಯಲ್ಲಿ ವರ್ಷ ತುಂಬುವುದರೊಳಗೆ ಬುಡ ಕೊಳೆತು ಬೀಳುತ್ತದೆ. ‘ಕಳ್ಳಿನೂ ಉಳಿಸಿಕೊಳ್ಳೋಕೆ ಆಗಲಿಲ್ವಾ’ ಅನ್ನೋ ಮಾತು ಬೇರೆ.

ತಪ್ಪು ಪೂರ್ತಿ ಸಾಕಿದವರದ್ದಲ್ಲ. ಆ ಬಣ್ಣದ ತಲೆಯಲ್ಲಿ ಹಸಿರೇ ಇಲ್ಲ. ತನ್ನ ಆಹಾರ ತಾನು ತಯಾರಿಸಿಕೊಳ್ಳಲಾಗದ ಕಳ್ಳಿಯನ್ನು ಡ್ರ್ಯಾಗನ್ ಫ್ರೂಟ್ ಜಾತಿಯ ಕಾಂಡದ ಮೇಲೆ ಕಸಿ ಕಟ್ಟಿರುತ್ತಾರೆ. ಕೆಳಗಿನ ಕಾಂಡ ಸೋತರೆ ಮೇಲಿನದೂ ಹೋಯಿತು. ಕೆಲವು ಕಡೆ ಒಣಹೂವನ್ನು ಗಿಡದ ನೆತ್ತಿಗೆ ಅಂಟಿಸಿ ಮಾರುವುದೂ ಉಂಟು. ಹಾಗಾಗಿ ಕಳ್ಳಿಯ ಹುಚ್ಚು ಹತ್ತಿದವರು ಕೊನೆಗೆ ಬೀಜದ ಕಡೆ ತಿರುಗುತ್ತಾರೆ. ಖರ್ಚು ಕಡಿಮೆ, ಸಿಗುವ ಗಿಡ ಗಟ್ಟಿ. ಬೇಕಾಗಿರುವುದು ತಾಳ್ಮೆ ಮಾತ್ರ.

ಯಾವುದು ಕಳ್ಳಿ, ಯಾವುದು ಅಲ್ಲ?

ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಕಾಣುವ ಜಡೆಕಳ್ಳಿ, ಚದುರಗಳ್ಳಿ ನಿಜವಾದ ಕ್ಯಾಕ್ಟಸ್ ಅಲ್ಲ. ಅವು ಯೂಫೋರ್ಬಿಯಾ ಕುಟುಂಬದವು, ಗೀರಿದರೆ ಹಾಲು ಸುರಿಯುತ್ತದೆ. ಕ್ಯಾಕ್ಟಸ್‌ಗಳಲ್ಲಿ ಮುಳ್ಳು ಹುಟ್ಟುವ ಜಾಗದಲ್ಲಿ ಹತ್ತಿಯಂಥ ಸಣ್ಣ ಗುಬುಟು ಇರುತ್ತದೆ, ಅದೇ ಗುರುತು. ಒಂದು ಜಾತಿ ಬಿಟ್ಟರೆ ಕ್ಯಾಕ್ಟಸ್ ಕುಟುಂಬದ ಉಳಿದವೆಲ್ಲ ಮೂಲತಃ ಅಮೆರಿಕ ಖಂಡಗಳವು. ನಮ್ಮೂರಿನದೇ ಅನ್ನಿಸುವ ಪಾಪಾಸುಕಳ್ಳಿ ಕೂಡ ಅಲ್ಲಿಂದ ಬಂದದ್ದೇ. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ: ರಾತ್ರಿ ಅರಳುತ್ತದೆ ಅಂತ ಅಕ್ಕಪಕ್ಕದವರನ್ನೆಲ್ಲ ಕರೆದು ಪೂಜೆ ಮಾಡುವ ನಮ್ಮ ಮನೆಯಂಗಳದ ‘ಬ್ರಹ್ಮಕಮಲ’ವೂ ಒಂದು ಕ್ಯಾಕ್ಟಸ್. ಹಿಮಾಲಯದ ಬ್ರಹ್ಮಕಮಲವೇ ಬೇರೆ.

ಕಲಿಯಲು ಡ್ರ್ಯಾಗನ್ ಫ್ರೂಟ್ ಸಾಕು

ಮೊದಲ ಸಲ ಬಿತ್ತುವವರು ದುಬಾರಿ ಬೀಜದಿಂದ ಶುರು ಮಾಡಬೇಕಿಲ್ಲ. ಮಾರುಕಟ್ಟೆಯ ಒಂದು ಡ್ರ್ಯಾಗನ್ ಫ್ರೂಟ್ ಸಾಕು. ತಿರುಳನ್ನು ತೆಳುಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಸುಕಿ ತೊಳೆದರೆ ಎಳ್ಳಿಗಿಂತ ಚಿಕ್ಕ ಕಪ್ಪು ಬೀಜ ನೂರಾರು ಸಿಗುತ್ತವೆ. ಒಂದೆರಡು ವಾರದಲ್ಲಿ ಮೊಳಕೆ ಬರುತ್ತದೆ. ಕೈ ಪಳಗುತ್ತದೆ, ಕೆಟ್ಟರೂ ನಷ್ಟವಿಲ್ಲ.

ಆಮೇಲೆ ಆಸ್ಟ್ರೋಫೈಟಮ್, ಜಿಮ್ನೋಕ್ಯಾಲಿಸಿಯಮ್, ಮ್ಯಾಮಿಲೇರಿಯಾದತ್ತ ಹೋಗಬಹುದು. ಮೂರೂ ನಮ್ಮ ಬಿಸಿಲಿಗೆ ಒಗ್ಗುತ್ತವೆ. ಆಸ್ಟ್ರೋಫೈಟಮ್ ಬೀಜ ದಪ್ಪ, ತಾಜಾ ಇದ್ದರೆ ಮೂರ್ನಾಲ್ಕು ದಿನದಲ್ಲೇ ಮೊಳೆಯುತ್ತದೆ. ಪುಸ್ತಕಗಳಲ್ಲಿ ‘ಬೇಗ ಹೂ ಬಿಡುವ ಕಳ್ಳಿ’ ಎಂದು ಹೊಗಳುವ ರೆಬ್ಯೂಷಿಯಾ ಆಂಡಿಸ್ ಬೆಟ್ಟಗಳ ಗಿಡ. ಅದಕ್ಕೆ ತಂಪು ಬೇಕು, ಬಿಸಿಲೂರಿಗೆ ಸುಲಭವಲ್ಲ.

ಆನ್‌ಲೈನ್‌ನಲ್ಲಿ ಕಾಮನಬಿಲ್ಲಿನ ಬಣ್ಣದ, ನೀಲಿ ಬಣ್ಣದ ಕಳ್ಳಿ ಬೀಜ ಅಂತ ಫೋಟೊ ಹಾಕಿದ್ದರೆ ಅದು ಕಂಪ್ಯೂಟರ್‌ನಲ್ಲಿ ಬಳಿದ ಬಣ್ಣ ಎಂದೇ ತಿಳಿಯಬೇಕು. ಜಾತಿಯ ಪೂರ್ಣ ಹೆಸರು ಮತ್ತು ಬೀಜ ಕೊಯ್ದ ವರ್ಷ ಹೇಳುವವರಿಂದ ಕೊಳ್ಳುವುದು ಲೇಸು. ವಿದೇಶದಿಂದ ನೇರವಾಗಿ ತರಿಸಲು ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅವಿಲ್ಲದೆ ಬಂದ ಪೊಟ್ಟಣ ಜಪ್ತಿಯಾಗಬಹುದು.

ಬಿತ್ತುವುದು ಹೇಗೆ?

ಮಣ್ಣು: ತೆಂಗಿನ ನಾರಿನ ಪುಡಿ ಒಂದು ಪಾಲು, ಸಣ್ಣ ಜಲ್ಲಿ, ಜರಡಿ ಹಿಡಿದ ಇಟ್ಟಿಗೆ ಚೂರು ಅಥವಾ ಪರ್ಲೈಟ್ ಎರಡು ಪಾಲು. ಎಂ-ಸ್ಯಾಂಡ್ ಬಳಸುವುದಾದರೆ ಚೆನ್ನಾಗಿ ತೊಳೆದು ಧೂಳು ತೆಗೆಯಬೇಕು, ಇಲ್ಲವಾದರೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಹೊಲದ ಕೆಂಪುಮಣ್ಣು, ಹಸಿ ಗೊಬ್ಬರ ಬೇಡ.

ಹಬೆ: ಒದ್ದೆ ಮಾಡಿದ ಮಿಶ್ರಣವನ್ನು ಹಳೆಯ ಪಾತ್ರೆಯಲ್ಲಿ ಇಡ್ಲಿಯ ಹಾಗೆ ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ ಆರಿಸಬೇಕು. ಬೂಷ್ಟು, ಪಾಚಿ, ಕಳೆಬೀಜ ಎಲ್ಲಕ್ಕೂ ಇದೇ ಮದ್ದು. ಈ ಹಂತ ಬಿಟ್ಟವರೇ ಹೆಚ್ಚು ಸಸಿ ಕಳೆದುಕೊಳ್ಳುವುದು.

ಬಿತ್ತನೆ: ಬೀಜವನ್ನು ಹೂಳಬಾರದು. ಮೊಳೆಯಲು ಬೆಳಕು ಬೇಕು, ಹಾಗಾಗಿ ಮೇಲೆ ಉದುರಿಸಿ ಮೆಲ್ಲಗೆ ಒತ್ತಿದರೆ ಸಾಕು. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ನೀರು ಹೀರಲು ಬಿಡಬೇಕು. ನಂತರ ಪಾರದರ್ಶಕ ಡಬ್ಬಿ ಅಥವಾ ಜಿಪ್ ಕವರಿನಲ್ಲಿಟ್ಟು ಮುಚ್ಚಬೇಕು.

ಜಾಗ: ಬೆಳಕು ಚೆನ್ನಾಗಿರಲಿ, ನೇರ ಬಿಸಿಲು ಬೇಡ. ಮುಚ್ಚಿದ ಡಬ್ಬಿ ಬಿಸಿಲಿಗೆ ಸಿಕ್ಕರೆ ಒಳಗಿರುವ ಬೀಜ ಬೆಂದೇ ಹೋಗುತ್ತದೆ. 20ರಿಂದ 30 ಡಿಗ್ರಿ ಉಷ್ಣಾಂಶ ಸೂಕ್ತ. ಅಂದರೆ ಚಳ್ಳಕೆರೆ, ಮೊಳಕಾಲ್ಮೂರಿನಂಥ ಕಡೆ ಏಪ್ರಿಲ್-ಮೇ ಬಿಟ್ಟು, ಮುಂಗಾರು ಕಾಲಿಟ್ಟ ಮೇಲೆ ಬಿತ್ತುವುದು ಒಳ್ಳೆಯದು.

ನೀರು: ಬೋರ್‌ವೆಲ್‌ನ ಗಡಸು ನೀರು ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಕ್ರಮೇಣ ಬೇರು ಸೊರಗುತ್ತದೆ. ಒಂದೆರಡು ಕ್ಯಾನ್ ಮಳೆನೀರು ಹಿಡಿದಿಟ್ಟುಕೊಂಡರೆ ಸಸಿಗಳಿಗೆ ತಿಂಗಳುಗಟ್ಟಲೆ ಸಾಕಾಗುತ್ತದೆ.

ಮೊದಲ ವರ್ಷವೇ ಪರೀಕ್ಷೆ

ಕಳ್ಳಿಗೆ ನೀರು ಬೇಡ ಅನ್ನೋದು ದೊಡ್ಡ ಗಿಡದ ಮಾತು. ಸಸಿಗೆ ಒಣಗುವುದೇ ಮರಣ. ಹಾಗಂತ ಗಾಳಿಯಾಡದೆ ಒದ್ದೆಯಾಗಿಯೇ ಇಟ್ಟರೆ ಕೊಳೆ. ಮೆಣಸಿನಕಾಯಿ, ಟೊಮೆಟೊ ಮಡಿ ಮಾಡಿದ ರೈತರಿಗೆ ಗೊತ್ತಿರುವ ಅದೇ ಸಸಿ ಕೊಳೆ ರೋಗ ಇಲ್ಲೂ ಕಾಡುತ್ತದೆ. ರಾತ್ರಿ ಚೆನ್ನಾಗಿದ್ದ ಸಸಿ ಬೆಳಿಗ್ಗೆ ನೀರಾಗಿ ಮಲಗಿರುತ್ತದೆ. ಒಂದು ಕಂಡರೂ ಅದನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು, ಉಳಿದವಕ್ಕೆ ಶಿಲೀಂಧ್ರನಾಶಕ ಸಿಂಪಡಿಸಿ, ಮುಚ್ಚಳವನ್ನು ಸ್ವಲ್ಪ ತೆರೆದಿಡಬೇಕು.

ಎರಡು ಮೂರು ತಿಂಗಳಾದ ಮೇಲೆ ದಿನಕ್ಕಿಷ್ಟು ಹೊತ್ತು ಅಂತ ಮುಚ್ಚಳ ತೆಗೆದು ಹೊರಗಿನ ಗಾಳಿಗೆ ಒಗ್ಗಿಸಬೇಕು. ಸಸಿ ಕೆಂಪಗಾದರೆ ಬೆಳಕು ಜಾಸ್ತಿಯಾಗಿದೆ, ಉದ್ದುದ್ದ ಎಳೆದುಕೊಂಡರೆ ಕಡಿಮೆಯಾಗಿದೆ. ಆರು ತಿಂಗಳಾದರೂ ಬಟಾಣಿಯಷ್ಟೇ ಇರುತ್ತದಲ್ಲ ಅಂತ ಬೇಸರ ಬೇಡ, ಅದೇ ಅದರ ವೇಗ. ಸುಮಾರು ಒಂದು ವರ್ಷದ ಹೊತ್ತಿಗೆ ಪ್ರತ್ಯೇಕ ಕುಂಡಕ್ಕೆ ಬದಲಿಸಬಹುದು. ಬೇರಿನಲ್ಲಿ ಬಿಳಿ ಹಿಟ್ಟು ತಿಗಣೆ ಇದೆಯಾ ಅಂತ ಆಗಲೇ ನೋಡಿಕೊಳ್ಳಬೇಕು.

ಹೂ ಯಾವಾಗ?

ಮ್ಯಾಮಿಲೇರಿಯಾ, ಜಿಮ್ನೋಕ್ಯಾಲಿಸಿಯಮ್‌ಗಳಲ್ಲಿ ಹಲವು ಮೂರ್ನಾಲ್ಕು ವರ್ಷದಲ್ಲಿ ಹೂ ಬಿಡುತ್ತವೆ. ಆಸ್ಟ್ರೋಫೈಟಮ್‌ಗೆ ಮೂರರಿಂದ ಐದು ವರ್ಷ. ಚಿನ್ನದ ಬಣ್ಣದ ಮುಳ್ಳಿನ ಗೋಲ್ಡನ್ ಬ್ಯಾರಲ್‌ಗೆ ದಶಕಗಳೇ ಬೇಕು. ಸಿನಿಮಾಗಳಲ್ಲಿ ಕಾಣುವ ಅರಿಝೋನಾದ ಸಗ್ವಾರೊ ಮೊದಲ ಹೂ ಬಿಡುವಾಗ ಅದರ ವಯಸ್ಸು ಸುಮಾರು 35 ದಾಟಿರುತ್ತದೆ.

ಗಿಡ ಬೆಳೆದರೂ ಹೂ ಬರುತ್ತಿಲ್ಲ ಎಂದರೆ ಸಾಮಾನ್ಯವಾಗಿ ಎರಡು ಕಾರಣ: ಬಿಸಿಲು ಸಾಲದು, ಇಲ್ಲವೇ ಚಳಿಗಾಲದಲ್ಲಿ ವಿಶ್ರಾಂತಿ ಸಿಕ್ಕಿಲ್ಲ. ಡಿಸೆಂಬರ್, ಜನವರಿಯಲ್ಲಿ ದೊಡ್ಡ ಗಿಡಗಳಿಗೆ ನೀರನ್ನು ಹೆಚ್ಚುಕಡಿಮೆ ನಿಲ್ಲಿಸಿ, ಫೆಬ್ರುವರಿ ಕೊನೆಗೆ ಮತ್ತೆ ಶುರು ಮಾಡಿದರೆ ಮೊಗ್ಗು ಕಾಣುವ ಸಾಧ್ಯತೆ ಹೆಚ್ಚು. ಬೇಸಿಗೆಯ ಮಟಮಟ ಮಧ್ಯಾಹ್ನಕ್ಕೆ ಮಾತ್ರ ಶೇಡ್ ನೆಟ್ ಬೇಕೇ ಬೇಕು.

ಹೂ ಬಂದರೆ ಬೀಜವೂ ಬರುತ್ತದೆ ಅಂದುಕೊಳ್ಳುವ ಹಾಗಿಲ್ಲ. ಆಸ್ಟ್ರೋಫೈಟಮ್‌ನಂಥ ಹಲವು ಜಾತಿಗಳಿಗೆ ತಮ್ಮದೇ ಪರಾಗ ಆಗುವುದಿಲ್ಲ. ಒಟ್ಟಿಗೆ ಹೂಬಿಟ್ಟ ಎರಡು ಬೇರೆ ಗಿಡಗಳ ನಡುವೆ ಮೆತ್ತನೆಯ ಬ್ರಷ್‌ನಿಂದ ಪರಾಗ ಮುಟ್ಟಿಸಬೇಕು. ಹಾಗಾಗಿ ಒಂದೇ ಸಸಿ ಉಳಿಸಿಕೊಳ್ಳುವ ಬದಲು ಒಂದು ಜಾತಿಯ ಐದಾರು ಸಸಿ ಇಟ್ಟುಕೊಳ್ಳುವುದು ಜಾಣತನ. ಕೆಲವು ಮ್ಯಾಮಿಲೇರಿಯಾಗಳು ಮಾತ್ರ ತಾವಾಗಿಯೇ ಪುಟ್ಟ ಮೆಣಸಿನಕಾಯಿಯಂಥ ಕೆಂಪು ಕಾಯಿ ಕಟ್ಟುತ್ತವೆ.

ಒಂದು ಪೊಟ್ಟಣ ಬೀಜದ ಬೆಲೆ

ಈ ಹವ್ಯಾಸಕ್ಕೆ ಇನ್ನೊಂದು ಮುಖವೂ ಇದೆ. ಕಳ್ಳಿಗಳ ಕಳ್ಳಸಾಗಣೆ ಇಂದು ದೊಡ್ಡ ದಂಧೆ. 2020ರಲ್ಲಿ ಇಟಲಿ ಪೊಲೀಸರು ಒಬ್ಬ ಸಂಗ್ರಾಹಕನ ಬಳಿ ಸಾವಿರಕ್ಕೂ ಹೆಚ್ಚು ಅಪರೂಪದ ಕಳ್ಳಿಗಳನ್ನು ವಶಪಡಿಸಿಕೊಂಡರು. ಬಹುಪಾಲು ಚಿಲಿ ದೇಶದ ಅಟಕಾಮ ಮರುಭೂಮಿಯಿಂದ ಕಿತ್ತು ತಂದವು. ಮರುವರ್ಷ ಎಂಟುನೂರಕ್ಕೂ ಹೆಚ್ಚು ಗಿಡಗಳನ್ನು ಚಿಲಿಗೆ ಮರಳಿಸಲಾಯಿತು. ಜಗತ್ತಿನ ಕಳ್ಳಿ ಜಾತಿಗಳಲ್ಲಿ ಶೇ 31ರಷ್ಟು ಅಳಿವಿನ ಅಪಾಯದಲ್ಲಿವೆ ಎಂದು 2015ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನ ಹೇಳಿತ್ತು.

ಇದಕ್ಕೆ ಎದುರಾಗಿ ಗೋಲ್ಡನ್ ಬ್ಯಾರಲ್‌ನ ಕಥೆ ನೋಡಿ. ಮೆಕ್ಸಿಕೊದಲ್ಲಿ ಅದರ ತವರಿನ ಒಂದು ಭಾಗ 1990ರ ದಶಕದಲ್ಲಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿತು. ಕಾಡಿನಲ್ಲಿ ಅದು ಅಪರೂಪ. ಆದರೆ ಬೀಜದಿಂದ ಬೆಳೆದ ಗಿಡಗಳು ಜಗತ್ತಿನ ನರ್ಸರಿಗಳ ತುಂಬ ಇವೆ, ಹಾಗಾಗಿ ಯಾರೂ ಕಾಡಿನಿಂದ ಕಿತ್ತು ತರಬೇಕಿಲ್ಲ. ಅನುಮಾನ ಬರುವಷ್ಟು ಮುದಿಯಾದ, ಗಾಯದ ಕಲೆಯಿರುವ ಅಪರೂಪದ ಕಳ್ಳಿ ಮಾರಾಟಕ್ಕೆ ಕಂಡರೆ ಕೊಳ್ಳದಿರುವುದೇ ಸರಿ.

ಈ ಮುಂಗಾರಿಗೆ ಶುರು ಮಾಡುವವರು ಕುಂಡಕ್ಕೊಂದು ಚೀಟಿ ಸಿಕ್ಕಿಸಿ ಜಾತಿ, ಬಿತ್ತಿದ ತಾರೀಖು ಬರೆದಿಡುವುದನ್ನು ಮರೆಯಬಾರದು. ಮೂರು ವರ್ಷ ಕಳೆದು ಮೊಗ್ಗು ಬರುವ ಹೊತ್ತಿಗೆ ಯಾವ ಸಸಿ ಯಾವುದು ಅನ್ನೋದು ಯಾರಿಗೂ ನೆನಪಿರುವುದಿಲ್ಲ.